ಬಚ್ಚಲಿಗೆ ಎರಡು ರಬ್ಬರ್ ಚಾಪೆ

ಯಾರ ಮೇಲೆ ಏನು ದೂರಿದ್ದರೂ ಅದನ್ನು ಅವರ ಎದುರಿಗೇ ಹೇಳಬೇಕು. ಇದು ನಮ್ಮ ಮನೆಯ ಒಂದನೆಯ ನಿಯಮವಾಗಿತ್ತು. ಬರೆದವನು ನಾನೇ. ಅಕ್ಷರ ಗುಂಡಗೆ ಬರುತ್ತದೆ ಎಂಬ ಒಂದೇ ಯೋಗ್ಯತೆಯ ಮೇಲೆ ನನ್ನನ್ನು ಕಾರ್ಯದರ್ಶಿ ಮಾಡಿದ್ದರು.

ಮನೆ ಎಂದರೆ ಅರಬ್ಬರ ನಾಡಿನ ಅಲ್ ಅಹ್ಸಾದ ಹುಫೂಫ್ ಪಟ್ಟಣದಲ್ಲಿ ಕಂಪನಿ ನಮಗೆಂದು ಹಿಡಿದಿದ್ದ ಹಳೆಯ ಎರಡಂತಸ್ತಿನ ಕಟ್ಟಡ. ಕೊಲ್ಲಿ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ರಸ್ತೆ ಬದಿಯ ಗಿಡಗಳಿಗೆ ನೀರು ಹಾಕುವುದು, ಪಾರ್ಕುಗಳ ಹುಲ್ಲು ಕತ್ತರಿಸುವುದು, ಒಣಗಿದ ಖರ್ಜೂರದ ಗರಿ ಎಳೆದು ಹಾಕುವುದು, ಇಂಥ ಕೆಲಸಗಳ ಗುತ್ತಿಗೆ ನಮ್ಮ ಕಂಪನಿಯದು. ನಾನು ಆಫೀಸಿನಲ್ಲಿ ಟೈಪಿಸ್ಟ್. ಆರು ವರ್ಷ ಸ್ಟೋರ್ ಕೀಪರನ ಜೊತೆ ಜಗಳವಾಡಿ ಅರಬ್ಬೀ ಮಾತು ಕಲಿತಿದ್ದೆ. ಆದ್ದರಿಂದ ಡಾಕ್ಟರು, ಪೊಲೀಸು, ನಮ್ಮ ವೀಸಾದ ಒಡೆಯನಾದ ಕಫೀಲ್, ಯಾರ ಮುಂದೆ ಹೋಗುವುದಿದ್ದರೂ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದರು.

ಮನೆಯಲ್ಲಿ ಹದಿನಾಲ್ಕು ಮಂದಿ. ಹೆಚ್ಚಿನವರು ಉಡುಪಿ, ಕುಂದಾಪುರ, ಪುತ್ತೂರು ಕಡೆಯವರು. ತುಳುವಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವವರು. ಮೈಸೂರಿನ ಒಬ್ಬ ಇಂಜಿನಿಯರ್ ಇದ್ದರು. ಅವರಿಗೆ ತುಳು ಬಾರದ ಕಾರಣ ಪಕ್ಷಪಾತ ಮಾಡಲಾರರೆಂದು ಅವರನ್ನು ಅಧ್ಯಕ್ಷರಾಗಿ ಆರಿಸಿದೆವು. ಶುಕ್ರವಾರ ಮೀನು ಸಾರಿನ ಊಟವಾದ ಮೇಲೆ ಸಭೆ. ಆ ದೇಶದಲ್ಲಿ ನಮ್ಮಂಥವರು ಸಂಘ ಕಟ್ಟುವಂತಿರಲಿಲ್ಲ. ಆದ್ದರಿಂದ ನಡಾವಳಿ ಪುಸ್ತಕದ ಮೇಲೆ ‘ಅಡುಗೆ ವಿಚಾರ’ ಎಂದು ಬರೆದಿದ್ದೆ. ಅರ್ಧ ಅದೇ ಇರುತ್ತಿತ್ತು.

ನಿಯಮಕ್ಕೆ ಕಾರಣವಿತ್ತು. ಮೊದಲು ನಮ್ಮಲ್ಲಿ ಎಲ್ಲವೂ ಪಿಸುಮಾತು. ಒಣಮೀನು ಸುಟ್ಟವನ ಮೇಲೆ ಒಬ್ಬ ಗುಟ್ಟಾಗಿ ವಸತಿ ನೋಡಿಕೊಳ್ಳುವ ಕ್ಯಾಂಪ್ ಬಾಸಿಗೆ ಹೇಳಿದ, ಹೇಳಿದವನ ಮೇಲೆ ಇನ್ನೊಬ್ಬ ಗುಟ್ಟಾಗಿ ಹೇಳಿದ, ಕೊನೆಗೆ ಕ್ಯಾಂಪ್ ಬಾಸ್ ಬಂದು ಸ್ಟೌವನ್ನೇ ಎತ್ತಿಕೊಂಡು ಹೋದ. ಮೂರು ದಿನ ಖುಬ್ಬೂಸ್ ರೊಟ್ಟಿ, ಮೊಸರು ತಿಂದೆವು. ನಾಲ್ಕನೆಯ ದಿನ ನಮಗೆ ನ್ಯಾಯದ ಮೇಲೆ ಪ್ರೀತಿ ಹುಟ್ಟಿತು. ಹಿಂದಿನಿಂದ ಮಾತಾಡುವಂತಿಲ್ಲ, ಏನಿದ್ದರೂ ಮುಖಾಮುಖಿ ಎಂದು ತೀರ್ಮಾನವಾಯಿತು. ಇನ್ನೊಂದು ನಿಯಮವೂ ಆಯಿತು: ದೂರನ್ನು ಮೊದಲು ಪೆನ್ಸಿಲಿನಲ್ಲಿ ಬರೆಯಬೇಕು. ಸಭೆಯಲ್ಲಿ ನಿಜವೆಂದಾದರೆ ಪೆನ್ನಿನಲ್ಲಿ ತಿದ್ದಬೇಕು, ಇಲ್ಲವಾದರೆ ಅಳಿಸಬೇಕು. ಸುಮ್ಮನೆ ಒಬ್ಬನ ಮರ್ಯಾದೆ ಹೋಗಬಾರದಲ್ಲ. ಇಷ್ಟು ಒಳ್ಳೆಯ ಕಾನೂನು ನಮ್ಮ ಊರಿನ ಪಂಚಾಯತಿಯಲ್ಲೂ ಇಲ್ಲವೆಂದು ನಾವು ಹೆಮ್ಮೆಪಡುತ್ತಿದ್ದೆವು.

ಇನ್ನು ಭಾವನ ವಿಷಯ. ಭಾವ ನನ್ನ ಭಾವನಲ್ಲ. ಮನೆಯಲ್ಲಿದ್ದ ಒಬ್ಬ ಅವರ ಹೆಂಡತಿಯ ತಮ್ಮ. ಅವನು ಭಾವ ಎನ್ನುತ್ತಿದ್ದ, ಅದನ್ನು ಕೇಳಿ ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಆ ತಮ್ಮನನ್ನು ಇಲ್ಲಿ ಮೈದುನ ಎಂದೇ ಕರೆಯುತ್ತೇನೆ. ಭಾವನಿಗೆ ಐವತ್ತು ದಾಟಿತ್ತು, ಆ ದೇಶಕ್ಕೆ ಬಂದು ಹದಿನೈದು ವರ್ಷ. ನೀರಿನ ಟ್ಯಾಂಕರ್ ಓಡಿಸುತ್ತಿದ್ದರು. ಮೈದುನನಿಗೆ ವೀಸಾ ಹುಡುಕಿ ತರಿಸಿದ್ದೂ ಅವರೇ. ಒಂದು ಬೇಸಿಗೆಯ ಮಧ್ಯಾಹ್ನ ಟ್ಯಾಂಕರಿನ ಮೇಲೆ ಹತ್ತಿ ಮುಚ್ಚಳ ಹಾಕುತ್ತಿದ್ದವರು ಕೆಳಗೆ ಬಿದ್ದರು. ತಲೆಗೆ ಪೆಟ್ಟು. ಮೂರು ವಾರ ಆಸ್ಪತ್ರೆಯಲ್ಲಿದ್ದು ಬಂದಾಗ ಅವರ ಬಲಗೈಗೆ ಹಿಡಿತವಿರಲಿಲ್ಲ, ಮಾತು ತಡೆದು ತಡೆದು ಬರುತ್ತಿತ್ತು, ಕಲಿತಿದ್ದ ಅರಬ್ಬಿ ಪೂರ್ತಿ ಮರೆತುಹೋಗಿತ್ತು. ಪಟ್ಟಣದ ಯಾವ ರೌಂಡ್ ಅಬೌಟಿನಲ್ಲಿ ಯಾವ ಗಿಡವಿದೆ ಎಂದು ಸರಿಯಾಗಿ ಹೇಳುವರು. ಊಟವಾಯಿತೇ ಎಂದು ಕೇಳಿದರೆ ಯೋಚಿಸುವರು. ಲುಂಗಿ ಕಟ್ಟಿಕೊಳ್ಳಲು ಕಾಲು ಗಂಟೆ ಬೇಕು.

ಅವರನ್ನು ಊರಿಗೆ ಕಳಿಸಬೇಕಿತ್ತು. ಆದರೆ ಪಾಸ್‌ಪೋರ್ಟ್ ದಮ್ಮಾಮಿನ ಹೆಡ್ ಆಫೀಸಿನಲ್ಲಿ, ವೈದ್ಯರ ರಿಪೋರ್ಟ್ ಇನ್ನೊಂದು ಕಡೆ, ಎರಡೂ ಸೇರುವ ಮುಹೂರ್ತ ಕಂಪನಿಯ ಕೈಯಲ್ಲಿ. ಅಲ್ಲಿಯವರೆಗೆ ನೋಡಿಕೊಳ್ಳುವವರು ಯಾರು? ಸಭೆ ಕೂತಿತು. ಒಬ್ಬೊಬ್ಬರೂ ತಮ್ಮ ತಮ್ಮ ತಟ್ಟೆ ನೋಡಿಕೊಂಡೆವು. ಆಗ ಮೈದುನ ಹೇಳಿದ:

“ನಮ್ಮ ಭಾವ ಅಲ್ವಾ ಮಾರಾಯ್ರೆ, ನಾನು ನೋಡ್ಕೊಳ್ದೆ ಮತ್ಯಾರು?”

ಉಳಿದ ಹನ್ನೆರಡು ಮಂದಿಯ ಉಸಿರು ಒಟ್ಟಿಗೆ ಕೆಳಗಿಳಿದದ್ದು ನನಗೆ ಕೇಳಿಸಿತು, ನನ್ನದೂ ಅದರಲ್ಲಿತ್ತು. ಎಲ್ಲರೂ ಕಣ್ಣಿಟ್ಟಿದ್ದ ಮೇಲಿನ ಕೋಣೆಯನ್ನು, ಅಂದರೆ ಸ್ವಂತ ಎ.ಸಿ., ಸ್ವಂತ ಬಚ್ಚಲಿದ್ದ ಕೋಣೆಯನ್ನು ಅವರಿಬ್ಬರಿಗೆ ಬಿಟ್ಟುಕೊಡುವುದೆಂದು ಸರ್ವಾನುಮತದಿಂದ ನಿರ್ಣಯವಾಯಿತು. ಪೆನ್ನಿನಲ್ಲೇ ಬರೆದೆ. ಅಂದಿನಿಂದ ಶುಕ್ರವಾರದ ಅಂಜಲ್ ಮೀನಿನ ನಡುತುಂಡು ಮೈದುನನ ತಟ್ಟೆಗೆ ಬೀಳತೊಡಗಿತು. “ಸೇವೆ ಅಂದ್ರೆ ಇದು ಕಣ್ರೀ” ಎಂದು ಅಧ್ಯಕ್ಷರು ಎರಡು ಸಲ ಹೇಳಿದರು. ಮೇಲಿನ ಕೋಣೆಗೆ ಹತ್ತಿಹೋಗಿ ಆ ಸೇವೆಯನ್ನು ಕಣ್ಣಾರೆ ಕಂಡವರು ಮಾತ್ರ ನಮ್ಮಲ್ಲಿ ಯಾರೂ ಇರಲಿಲ್ಲ.

ಒಂದು ತಿಂಗಳಾದ ಮೇಲೆ ಭಾವನ ತೋಳಿನಲ್ಲಿ ನೀಲಿ ಕಲೆ ಕಂಡಿತು. ಬಚ್ಚಲಿನಲ್ಲಿ ಜಾರಿದರು ಎಂದ ಮೈದುನ. ಕಂಪನಿಯ ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋದೆ, ಮೈದುನನೂ ಬಂದ. ಹೇಗಾಯಿತು ಎಂದು ಡಾಕ್ಟರು ಕೇಳಿದರು. ಮೈದುನ ಹೇಳಿದ್ದನ್ನು ನಾನು ಅರಬ್ಬಿಯಲ್ಲಿ ಹೇಳಿದೆ. ಭಾವನನ್ನು ಯಾರೂ ಕೇಳಲಿಲ್ಲ, ಹಾಗಾಗಿ ಅವರದ್ದೆಂದು ಅನುವಾದಿಸಲು ಏನೂ ಇರಲಿಲ್ಲ. ಮುಂದಿನ ಶುಕ್ರವಾರ ಸಭೆ ಗಂಭೀರವಾಗಿ ಚರ್ಚಿಸಿ, ಮೇಲಿನ ಬಚ್ಚಲಿಗೆ ಒಂದು ರಬ್ಬರ್ ಚಾಪೆ ತರಬೇಕೆಂದು ನಿರ್ಣಯಿಸಿತು. ಚಾಪೆ ಬಂತು. ಹಸಿರು ಬಣ್ಣದ್ದು, ಮೇಲೆ ಗುಳ್ಳೆಗುಳ್ಳೆ. ಒಬ್ಬ ದುರ್ಬಲ ಮನುಷ್ಯನ ರಕ್ಷಣೆಗೆ ನಮ್ಮ ಸಭೆ ಕೈಗೊಂಡ ಮೊದಲ ಕ್ರಮ ಅದು.

ಚಾಪೆ ಬಂದ ಮೇಲೂ ಭಾವ ಜಾರುತ್ತಲೇ ಇದ್ದರು.

ಒಂದು ಶುಕ್ರವಾರ ಬೆಳಿಗ್ಗೆ ಮೈದುನ ಮೀನು ತರಲು ಹೋಗಿದ್ದ. ನಾನು ಹಾಲಿನಲ್ಲಿ ಕೂತು ಪುಸ್ತಕಕ್ಕೆ ಗೆರೆ ಹಾಕುತ್ತಿದ್ದೆ. ಭಾವ ಮೆಟ್ಟಿಲಿನ ಮೇಲೆ ಕೂತು, ಒಂದೊಂದೇ ಮೆಟ್ಟಿಲು ಸರಿಯುತ್ತ ಇಳಿದು ಬಂದರು. ನನ್ನ ಪಕ್ಕದಲ್ಲಿ ಕುಳಿತು ಗೆರೆ ಹಾಕುವುದನ್ನು ಸ್ವಲ್ಪ ಹೊತ್ತು ನೋಡಿದರು.

“ನೀವು ಬರೆದದ್ದೆಲ್ಲ ಆಗ್ತದಲ್ಲ?” ಎಂದರು.

“ಎಲ್ಲ ಆಗ್ತದೆ ಅಂತ ಉಂಟಾ ಭಾವ? ಕೆಲವು ಆಗ್ತದೆ.”

“ಕೆಳಗಿನ ಫ್ಯಾನ್ ಬರೆದ್ರಿ. ಅದು ಸರಿ ಆಯ್ತು.”

“ಅದು ಆಯ್ತು.”

“ಹಾಗಾದ್ರೆ ಇದೂ ಬರೀರಿ. ಅವ ಹೊಡೀತಾನೆ.”

ಯಾರು ಎಂದು ಕೇಳಿದೆ. ಕೇಳುವ ಅಗತ್ಯವಿರಲಿಲ್ಲ. ಭಾವ ಮೆಟ್ಟಿಲಿನ ಕಡೆ ನೋಡಿದರು. “ನಮ್ಮವನೇ” ಎಂದರು.

ನಾನು ಪೆನ್ಸಿಲ್ ತೆಗೆದು, ‘ಮೇಲಿನ ಕೋಣೆ: ಮೈದುನ ಹೊಡೆಯುತ್ತಾನೆಂದು ಭಾವನ ದೂರು’ ಎಂದು ಬರೆದೆ. ಭಾವ ಕತ್ತು ಚಾಚಿ ನೋಡಿ “ಆಯ್ತಾ?” ಎಂದರು. ಆಯ್ತು ಎಂದೆ. ಅವರು ಸಮಾಧಾನದಿಂದ, ಮತ್ತೆ ಒಂದೊಂದೇ ಮೆಟ್ಟಿಲು ಹತ್ತಿ ಹೋದರು. ನನ್ನ ಬರವಣಿಗೆಯ ಮೇಲೆ ಅಷ್ಟು ನಂಬಿಕೆ ಇಟ್ಟವರು ಅವರಿಗಿಂತ ಮೊದಲೂ ಇರಲಿಲ್ಲ, ಆಮೇಲೂ ಸಿಗಲಿಲ್ಲ.

ಆಗಲೇ ಅಧ್ಯಕ್ಷರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಹೇಳಬಹುದಿತ್ತು. ಆದರೆ ಅದು ಪಿಸುಮಾತಾಗುತ್ತದೆ. ನಿಯಮ ಬರೆದವನೇ ನಿಯಮ ಮುರಿಯುವುದೇ? ಮಧ್ಯಾಹ್ನದವರೆಗೆ ಕಾದೆ. ಊಟ ನಡೆಯುತ್ತಿರುವಾಗಲೇ ಪುಸ್ತಕವನ್ನು ಅಧ್ಯಕ್ಷರ ಮುಂದಿಟ್ಟೆ, ವಿಷಯ ಸಭೆಗೆ ಬಂತು. ಭಾವ ಮೈದುನನ ಮಗ್ಗುಲಲ್ಲೇ ಕೂತಿದ್ದರು. ಮೈದುನ ಮೀನಿನ ಮುಳ್ಳು ಬಿಡಿಸಿ ಬಿಡಿಸಿ ಅವರ ತಟ್ಟೆಗೆ ಹಾಕುತ್ತಿದ್ದ. ಅದನ್ನು ನೋಡಿದ ಯಾರಿಗೂ ದೂರನ್ನು ನಂಬುವ ಮನಸ್ಸು ಬರುತ್ತಿರಲಿಲ್ಲ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. “ನೋಡಿ ಭಾವ, ನಿಮಗೆ ಯಾರಿಂದಾದ್ರೂ ತೊಂದ್ರೆ ಇದ್ಯಾ? ಹೆದರ್ಕೋಬೇಡಿ. ನಾವೆಲ್ಲಾ ಇಲ್ಲೇ ಇದೀವಿ.”

ಮೈದುನನ ಕೈ ಮುಳ್ಳು ಬಿಡಿಸುವುದನ್ನು ನಿಲ್ಲಿಸಿತು. ಭಾವ ಆ ಕೈಯನ್ನು ನೋಡಿದರು.

“ಇಲ್ಲ” ಎಂದರು.

“ಯಾರಾದ್ರೂ ಹೊಡೀತಾರಾ?”

“ಇಲ್ಲ. ಜಾರಿ ಬಿದ್ದದ್ದು.”

“ಸರಿ, ಅಳ್ಸಿಬಿಡ್ರೀ” ಎಂದು ಅಧ್ಯಕ್ಷರು ನನಗೆ ಹೇಳಿದರು. ನಾನು ರಬ್ಬರ್ ತೆಗೆದು ಅಳಿಸಿದೆ. ಚೆನ್ನಾಗಿಯೇ ಅಳಿಸಿದೆ, ಪುಡಿಯನ್ನೂ ಊದಿ ತೆಗೆದೆ. ಭಾವ ನನ್ನ ಕಡೆಗೇ ನೋಡುತ್ತಿದ್ದರು. ಅವರಿಗೆ ಯಾವುದೂ ತಲೆಗೆ ಹೋಗುವುದಿಲ್ಲವೆಂದು ನಾವೆಲ್ಲ ನಂಬಿದ್ದ ಕಾರಣ ಅದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಮೈದುನನ ಹೆಸರಿಗೆ ಕಳಂಕ ತಟ್ಟದಂತೆ ಸಭೆ ನಡೆದುಕೊಂಡಿತೆಂದು ಕೊನೆಯಲ್ಲಿ ಒಬ್ಬರು ಮೆಚ್ಚುಗೆಯ ಮಾತೂ ಆಡಿದರು.

ಆಮೇಲೆ ಎರಡು ದಿನ ಭಾವ ಕೆಳಗೆ ಬರಲಿಲ್ಲ. ಮೂರನೆಯ ದಿನ ಬಂದಾಗ ಎಡಗಣ್ಣು ಮುಚ್ಚಿಹೋಗಿತ್ತು. “ಚಾಪೆ ಬಾಗಿಲವರೆಗೆ ಮುಟ್ಟುದಿಲ್ಲ ಮಾರಾಯ್ರೆ, ಅಲ್ಲಿ ಜಾರಿದ್ದು” ಎಂದ ಮೈದುನ. ಎರಡನೆಯ ಚಾಪೆಗೆ ಮಂಜೂರಾತಿ ಬರೆದವನೂ ನಾನೇ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ. ಅಂದು ಅನಿಸಿದ್ದು, ಹೋದ ಸಲ ಅಳತೆ ತೆಗೆಯದೆ ಚಾಪೆ ತಂದದ್ದು ತಪ್ಪಾಯಿತು ಎಂದು. ಒಳಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದದ್ದನ್ನು ಎತ್ತಿ ಮೂಲೆಗಿಡಲು ನಿಯಮ ಬಹಳ ಅನುಕೂಲವಾಗಿತ್ತು.

ಅಷ್ಟರಲ್ಲಿ ದಮ್ಮಾಮಿನಿಂದ ಕಾಗದ ಬಂತು. ಭಾವನನ್ನು ನೋಡಿಕೊಳ್ಳುವ ಸಂಬಂಧಿಕ ಯಾರು, ಊರು ಸೇರುವವರೆಗೆ ಅವರ ಪೂರ್ಣ ಜವಾಬ್ದಾರಿ ಯಾರದು ಎಂದು ಬರೆದು, ನಮ್ಮ ಬೀದಿಯ ಉಮ್ದಾನ ಮೊಹರು ಹಾಕಿಸಿ ಕಳಿಸಬೇಕಂತೆ. ಉಮ್ದಾ ಎಂದರೆ ಬೀದಿಗೊಬ್ಬ ಹಿರಿಯ, ಸರಕಾರ ಒಪ್ಪಿದವರು. ಇಂಥವನು ಇಂಥ ಮನೆಯಲ್ಲಿದ್ದಾನೆ, ನಡತೆ ಒಳ್ಳೆಯದು ಎಂದೆಲ್ಲ ಅವರು ಮೊಹರು ಒತ್ತಿದರೆ ಮುಂದಿನ ಕಚೇರಿಗಳು ಕಣ್ಣುಮುಚ್ಚಿ ಒಪ್ಪುತ್ತವೆ. ನಾನು ಮೈದುನನ ಹೆಸರು ಹಾಕಿ ಟೈಪ್ ಮಾಡಿದೆ. ಅದಕ್ಕೆ ಮೊಹರು ಬಿದ್ದರೆ ಭಾವನ ಇಕಾಮಾ ಎಂಬ ವಾಸದ ಪರವಾನಗಿ, ಔಷಧಿ, ಊಟ, ಪ್ರಯಾಣ ಎಲ್ಲವೂ ಕಾಗದದ ಮೇಲೂ ಆ ಕೈಗೇ ಸೇರುತ್ತಿತ್ತು. ಮತ್ತೆ ಅವರನ್ನು ಆ ಕೈಯಿಂದ ಬಿಡಿಸಿಕೊಳ್ಳಲು ಯಾರಿಗೂ ದಾರಿಯಿರುತ್ತಿರಲಿಲ್ಲ. ಇದು ಟೈಪ್ ಮಾಡುವಾಗಲೇ ನನಗೆ ತಿಳಿದಿತ್ತು. ಆದರೂ ಒಂದು ತಪ್ಪಿಲ್ಲದೆ ಟೈಪ್ ಮಾಡಿದೆ.

ಅಸರ್, ಅಂದರೆ ಇಳಿಹೊತ್ತಿನ ನಮಾಜು ಮುಗಿದ ಮೇಲೆ ಮೂವರೂ ಹೋದೆವು. ಸಭೆಯ ನಿರ್ಣಯ ತೋರಿಸಬೇಕಾಗಬಹುದೆಂದು ಪುಸ್ತಕವನ್ನೂ ಹಿಡಿದುಕೊಂಡಿದ್ದೆ. ಉಮ್ದಾ ಎಪ್ಪತ್ತು ದಾಟಿದ ಮುದುಕರು. ಮನೆಯ ಮುಂದಿನ ಕೋಣೆಯಲ್ಲಿ ಗೋಡೆಗೆ ಒರಗುದಿಂಬು ಹಾಕಿ ಕೂತಿದ್ದರು. ಕಾಗದ ಓದಿ ಪಕ್ಕಕ್ಕಿಟ್ಟರು. ಅಲ್ಲಿ ಕಾಫಿ ಆಗದೆ ಕೆಲಸವಾಗುವುದಿಲ್ಲ. ತಟ್ಟೆಯಲ್ಲಿ ಖರ್ಜೂರ ಇಟ್ಟು, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ತಾವೇ ಬಗ್ಗಿಸಿದರು. ಏಲಕ್ಕಿ ಹಾಕಿದ ಹಳದಿ ಕಾಫಿ. ಬಟ್ಟಲು ಖಾಲಿಯಾದಂತೆಲ್ಲ ತುಂಬುತ್ತಾರೆ. ಸಾಕಾದರೆ ಬಟ್ಟಲನ್ನು ಎಡಕ್ಕೆ ಬಲಕ್ಕೆ ಒಮ್ಮೆ ಅಲ್ಲಾಡಿಸಿ ಹಿಂದಕ್ಕೆ ಕೊಡಬೇಕು. ನಾನು ಎರಡನೆಯ ಬಟ್ಟಲಿಗೆ ಅಲ್ಲಾಡಿಸಿದೆ. ಮೈದುನನೂ ಅಲ್ಲಾಡಿಸಿದ.

ಭಾವ ಅಲ್ಲಾಡಿಸಲಿಲ್ಲ. ಹದಿನೈದು ವರ್ಷ ಆ ಊರಿನಲ್ಲಿದ್ದವರಿಗೆ ಅದು ಗೊತ್ತಿಲ್ಲದೆ ಇಲ್ಲ. ಆದರೆ ಈಗೀಗ ಅವರು ಮೈದುನನ ಮುಖ ನೋಡದೆ ಏನನ್ನೂ ಮಾಡುತ್ತಿರಲಿಲ್ಲ. ಕುಡಿಯುವ ಮೊದಲು ನೋಡುವರು, ಕುಡಿದ ಮೇಲೆ ನೋಡುವರು. ಮೈದುನ ಉಮ್ದಾನ ಮಾತಿಗೆ ತಲೆಯಾಡಿಸುವುದರಲ್ಲಿ ಮುಳುಗಿದ್ದ. ಉಮ್ದಾ ಬಗ್ಗಿಸುತ್ತಲೇ ಹೋದರು, ಭಾವ ಕುಡಿಯುತ್ತಲೇ ಹೋದರು. ಏಳನೆಯ ಬಟ್ಟಲಿಗೆ ಮೈದುನನಿಗೆ ನಾಚಿಕೆಯಾಯಿತು. ಸಾಕು, ಅಲ್ಲಾಡಿಸಿ ಎಂದು ತೋರಿಸಲು ನಗುತ್ತ ಕೈ ಎತ್ತಿದ.

ಎತ್ತಿದ್ದಷ್ಟೆ. ಭಾವ ಎಡ ಮೊಣಕೈ ಮುಖಕ್ಕೆ ಅಡ್ಡ ಹಿಡಿದು ಕುಗ್ಗಿ ಕೂತರು. ಬಟ್ಟಲು ಕಂಬಳಿಯ ಮೇಲೆ ಉರುಳಿತು.

ಉಮ್ದಾ ಬಟ್ಟಲನ್ನು ಎತ್ತಿ ಒರೆಸಿಟ್ಟರು. ನಿಮ್ಮ ದೇಶದಲ್ಲಿ ಈ ವರ್ಷ ಮಳೆ ಹೇಗೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಆಮೇಲೆ ಮೈದುನನ ಕಡೆ ತಿರುಗಿ, ಕಾಗದಕ್ಕೆ ಇಬ್ಬರ ಇಕಾಮಾದ ಪ್ರತಿ ಎರಡೆರಡು ಬೇಕಿತ್ತಲ್ಲ, ಸೂಕ್ ಪೇಟೆಯ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿ ಮಾಡಿಸಿಕೊಂಡು ಬಾ ಎಂದರು. ಆ ಅಂಗಡಿಗೆ ನಡೆದು ಹೋದರೆ ಇಪ್ಪತ್ತು ನಿಮಿಷ. ಪಕ್ಕದ ಬೀದಿಯಲ್ಲೇ ಇನ್ನೊಂದು ಇತ್ತು. ಮೈದುನ ನನ್ನನ್ನು ನೋಡಿದ. “ಹೋಗಿ ಬಾ” ಎಂದೆ. ನಮ್ಮ ಇಡೀ ಸಭೆಗೆ ಮೂರು ತಿಂಗಳಲ್ಲಿ ಹೊಳೆಯದಿದ್ದ ಉಪಾಯ ಅದು.

ಅವನು ಹೊರಗೆ ಹೋದ ಮೇಲೆ ಉಮ್ದಾ ಎದ್ದು ಬಂದು, ಭಾವನ ಪಕ್ಕದಲ್ಲಿ ಅವನು ಕೂತಿದ್ದ ಜಾಗದಲ್ಲಿ ತಾವು ಕೂತರು. ನನಗೆ ಹೇಳಿದರು: “ನಾನು ಕೇಳುವುದನ್ನು ಅವನಿಗೆ ಹೇಳು, ಅವನು ಹೇಳುವುದನ್ನು ನನಗೆ ಹೇಳು. ನಡುವೆ ನಿನ್ನದೇನೂ ಬೇಡ.”

ಯಾರು ಹೊಡೆಯುತ್ತಾರೆ?

ಭಾವ ಬಾಗಿಲನ್ನು ನೋಡಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. “ನಮ್ಮವ” ಎಂದರು. “ಈಗ ಹೋದನಲ್ಲ, ಅವ.”

ಎಂದಿನಿಂದ?

“ಮೇಲಿನ ಕೋಣೆಗೆ ಹೋದ ಮೇಲೆ.”

ಏತರಿಂದ?

“ಕೈಯಲ್ಲಿ. ಒಂದು ಸಲ ಬಕೆಟಲ್ಲಿ.”

ಏಕೆ?

“ನಾನು ನಿಧಾನ ಅಲ್ವಾ.”

ಇದನ್ನು ಯಾರಿಗಾದರೂ ಹೇಳಿದ್ದೀಯಾ?

ಭಾವ ಎಡಗೈ ಎತ್ತಿ ನನ್ನನ್ನು ತೋರಿಸಿದರು. “ಇವ್ರಿಗೆ ಹೇಳಿದ್ದೆ. ಇವ್ರು ಬರ್ಕೊಂಡಿದ್ರು. ಪುಸ್ತಕದಲ್ಲಿ.”

ಆ ಕೋಣೆಯಲ್ಲಿ ಎರಡೂ ಭಾಷೆ ತಿಳಿದವನು ನಾನೊಬ್ಬನೇ. ಯಾರಿಗೂ ಹೇಳಿಲ್ಲವಂತೆ ಎಂದು ಅರಬ್ಬಿಯಲ್ಲಿ ಹೇಳಿಬಿಟ್ಟರೆ ಅಲ್ಲಿಗೆ ಮುಗಿಯಿತು. ಭಾವನಿಗೂ ತಿಳಿಯುತ್ತಿರಲಿಲ್ಲ, ಉಮ್ದಾನಿಗೂ ತಿಳಿಯುತ್ತಿರಲಿಲ್ಲ. ಹಾಗೆ ಹೇಳುವ ಆಸೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಉಮ್ದಾ ಕಾಯುತ್ತಿದ್ದರು. ಭಾವನೂ, ಫ್ಯಾನ್ ಸರಿಮಾಡಿಸಿದ ಮನುಷ್ಯನನ್ನು ನೋಡುವ ಹಾಗೆ, ನನ್ನನ್ನೇ ನೋಡುತ್ತ ಕಾಯುತ್ತಿದ್ದರು.

“ನನಗೆ ಹೇಳಿದ್ದರಂತೆ. ನಾನು ಪುಸ್ತಕದಲ್ಲಿ ಬರೆದುಕೊಂಡಿದ್ದೆನಂತೆ” ಎಂದೆ.

“ಹೌದೋ?”

“ಹೌದು.”

“ಯಾವ ಪುಸ್ತಕ?”

ತೊಡೆಯ ಮೇಲಿದ್ದ ಪುಸ್ತಕವನ್ನು ಕೊಟ್ಟೆ. ಆ ಪುಟ ತೆಗೆದು ತೋರಿಸಿದೆ. ಅವರಿಗೆ ಕನ್ನಡ ಬರುವುದಿಲ್ಲ. ಆದರೂ ಬರಿದಾಗಿದ್ದ ಗೆರೆಯ ಮೇಲೆ ಬೆರಳಾಡಿಸಿ, ಕಿಟಕಿಯ ಬೆಳಕಿಗೆ ಹಿಡಿದರು. ಪೆನ್ಸಿಲ್ ಒತ್ತಿದ ಗುರುತು ಹಾಗೇ ಇತ್ತು.

“ಅಳಿಸಿದ್ದು ಯಾರು?”

“ನಾನೇ.”

“ಏಕೆ?”

ನಿಯಮ ಹೇಳಿದೆ. ದೂರನ್ನು ಎದುರಿಗೇ ಕೇಳಬೇಕು, ಎದುರಿಗೆ ಕೇಳಿದಾಗ ಅವರು ಇಲ್ಲವೆಂದರು. ಅರಬ್ಬಿಯಲ್ಲಿ ಅದನ್ನು ಹೇಳುವಾಗ ಅಂಥ ಉತ್ತಮ ನಿಯಮ ಯಾಕೋ ಬಹಳ ಸಣ್ಣದಾಗಿ ಕೇಳಿಸಿತು. ಉಮ್ದಾ ಬೈಯಲಿಲ್ಲ. “ನಾವು ಇಲ್ಲಿ ಖರ್ಜೂರ ತೂಗುವಾಗ ಮಾರುವವನ ಕೈಯನ್ನು ತಕ್ಕಡಿಯಿಂದ ತೆಗೆಸಿ ತೂಗುತ್ತೇವೆ” ಎಂದರು. ನಾನು ತಲೆ ತಗ್ಗಿಸಿದೆ. ಇದನ್ನು ಭಾವನಿಗೆ ಅನುವಾದಿಸಬೇಕೆಂದು ಅವರೂ ಹೇಳಲಿಲ್ಲ.

ಮುಂದಿನದು ಬೇಗ ಬೇಗ ಆಯಿತು. ಎಲ್ಲಿ ಮಲಗಲು ಇಷ್ಟ ಎಂದು ಉಮ್ದಾ ಭಾವನನ್ನು ಕೇಳಿದರು. ನಾವು ಅದನ್ನೂ ಒಮ್ಮೆಯೂ ಕೇಳಿರಲಿಲ್ಲ. “ಕೆಳಗೆ. ಎಲ್ರೂ ಇರುವಲ್ಲಿ” ಎಂದರು ಭಾವ. ಉಮ್ದಾ ಕಂಪನಿಯ ಮುದೀರನಿಗೆ, ಅಂದರೆ ಮ್ಯಾನೇಜರಿಗೆ, ಫೋನ್ ಮಾಡಿ ಹಾಗೇ ಆಗಬೇಕೆಂದರು. ನಾನು ತಪ್ಪಿಲ್ಲದೆ ಟೈಪ್ ಮಾಡಿದ್ದ ಕಾಗದವನ್ನು ನಾಲ್ಕಾಗಿ ಮಡಚಿ ಕಾಫಿಯ ಹೂಜಿಯ ಕೆಳಗೆ ಇಟ್ಟರು. ವಿಮಾನ ಹತ್ತುವವರೆಗೆ ಪ್ರತಿ ಗುರುವಾರ ಅಸರ್ ಆದ ಮೇಲೆ ಭಾವನನ್ನು ತಮ್ಮಲ್ಲಿಗೆ ಕಾಫಿಗೆ ಕರೆತರಬೇಕು, ಕರೆತಂದವನು ಹೊರಗೆ ಕೂರಬೇಕು ಎಂದು ನನಗೆ ಅಪ್ಪಣೆಯಾಯಿತು. ಮೈದುನ ಪ್ರತಿಗಳೊಂದಿಗೆ ಬಂದಾಗ ಅವನನ್ನು ಕೂರಿಸಿಕೊಂಡು ಏನೋ ಹೇಳಿದರು. ಅದನ್ನು ಅನುವಾದಿಸಲು ನನ್ನನ್ನು ಕರೆಯಲಿಲ್ಲ; ಅವನಿಗೆ ಅರ್ಥವಾದದ್ದು ಮುಖದಲ್ಲಿ ಕಂಡಿತು.

ಹನ್ನೊಂದು ಗುರುವಾರ ಹೋದೆವು. ಮೂರನೆಯ ಗುರುವಾರ ಭಾವ ಯಾರ ಮುಖವನ್ನೂ ನೋಡದೆ ತಾವಾಗಿಯೇ ಬಟ್ಟಲು ಅಲ್ಲಾಡಿಸಿದರಂತೆ. ಉಮ್ದಾ ಹೊರಗೆ ಬಂದು ನನಗೆ ಅದನ್ನು ಹೇಳಿದರು, ದೊಡ್ಡ ಸುದ್ದಿ ಹೇಳುವ ಹಾಗೆ. ದೊಡ್ಡ ಸುದ್ದಿಯೇ ಆಗಿತ್ತು. ಹನ್ನೆರಡನೆಯ ವಾರ ಪಾಸ್‌ಪೋರ್ಟ್, ರಿಪೋರ್ಟ್ ಎರಡೂ ಸೇರಿದವು. ರಜೆಗೆ ಹೊರಟಿದ್ದ ಪುತ್ತೂರಿನ ಒಬ್ಬರ ಜೊತೆ ಭಾವ ಊರಿಗೆ ಹೋದರು. ಕರೆದುಕೊಂಡು ಹೋಗಲು ಅವರ ಅಕ್ಕ ಮುಂಬಯಿವರೆಗೆ ಬಂದಿದ್ದರು.

ಮೈದುನನನ್ನು ಉಮ್ದಾನ ಫೋನಾದ ಮರುದಿನವೇ ಆರು ಮಂದಿಯ ಕೋಣೆಗೆ ಹಾಕಿದ್ದರು, ಭಾವ ಕೆಳಗೆ ನನ್ನ ಪಕ್ಕದ ಮಂಚಕ್ಕೆ ಬಂದಿದ್ದರು. ಭಾವನ ಬಟ್ಟೆಬರೆ ನನ್ನ ಮಂಚದ ಮೇಲಿಟ್ಟು ಅವನು ಹೋಗಲಿಲ್ಲ, ನಿಂತೇ ಇದ್ದ. “ನಾನು ಮಾಡಿದ್ದು ತಪ್ಪೇ, ಇಲ್ಲಾಂತ ಹೇಳುದಿಲ್ಲ” ಎಂದ. “ಆದ್ರೆ ಮೂರು ತಿಂಗಳಲ್ಲಿ ಒಬ್ರಾದ್ರೂ ಮೇಲೆ ಬಂದು, ಇವತ್ತು ನಾನು ಸ್ನಾನ ಮಾಡಿಸ್ತೇನೆ, ನೀನು ಮಲ್ಕೋ ಅಂದ್ರಾ? ಮೀನಿನ ತುಂಡು ಕೊಟ್ರಿ.” ಅವನ ಮೇಲೆ ಸಿಟ್ಟಿತ್ತು, ಈಗಲೂ ಇದೆ. ಅವನ ಮಾತು ಸುಳ್ಳಾಗಿರಲಿಲ್ಲ ಎಂಬುದಕ್ಕೂ ಸೇರಿಸಿ ಸಿಟ್ಟಿದೆ.

ಭಾವ ಕೆಳಗಿದ್ದ ಆ ವಾರಗಳಲ್ಲಿ ಅವರ ಸ್ನಾನಕ್ಕೆ ಹನ್ನೆರಡು ಮಂದಿಯ ಸರದಿ ಪಟ್ಟಿ ಮಾಡಿದೆವು. ಇಬ್ಬರಿಗೆ ಕೂಡಲೇ ಬೆನ್ನುನೋವು ಬಂತು. ಒಂದನೆಯ ನಿಯಮವನ್ನು ಹೊಡೆದುಹಾಕಬೇಕೆಂದು ನಾನು ಸಭೆಯಲ್ಲಿ ಸೂಚಿಸಿದೆ. ಎರಡು ಗಂಟೆ ಚರ್ಚೆಯಾಯಿತು. “ನಿಯಮ ತಪ್ಪಲ್ಲ ಕಣ್ರೀ, ನಾವು ಕೇಳಿದ ಟೈಮು ತಪ್ಪು” ಎಂದರು ಅಧ್ಯಕ್ಷರು. ನಿಯಮ ಉಳಿಯಿತು. ಮೇಲಿನ ಕೋಣೆಯನ್ನು ಅಧ್ಯಕ್ಷರಿಗೆ ಕೊಟ್ಟೆವು, ಎರಡು ಚಾಪೆಗಳ ಸಮೇತ. ಅವರು ಅಲ್ಲಿ ಒಮ್ಮೆಯೂ ಜಾರಲಿಲ್ಲ.

ಆದರೆ ಉಮ್ದಾನ ಮನೆಯಿಂದ ಅಂದು ನಾವು ಹೊರಡುವ ಮೊದಲು ಒಂದು ಕೆಲಸ ಬಾಕಿ ಇತ್ತು. ಮೈದುನ ಇನ್ನೂ ಜೆರಾಕ್ಸ್ ಅಂಗಡಿಯಿಂದ ಬಂದಿರಲಿಲ್ಲ. ಉಮ್ದಾ ಪುಸ್ತಕವನ್ನು ನನ್ನ ಮುಂದೆ ಬಿಡಿಸಿಟ್ಟರು.

“ಅಳಿಸಿದ ಜಾಗದಲ್ಲೇ ಮತ್ತೆ ಬರೆ. ನಿನ್ನ ಭಾಷೆಯಲ್ಲೇ ಬರೆ. ಪಕ್ಕದಲ್ಲಿ ನಾನು ಮೊಹರು ಹಾಕುತ್ತೇನೆ” ಎಂದರು.

ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ಪೆನ್ಸಿಲ್ ತೆಗೆದೆ. ದೂರನ್ನು ಮೊದಲು ಪೆನ್ಸಿಲಿನಲ್ಲಲ್ಲವೇ ಬರೆಯುವುದು. ಮೊದಲ ಅಕ್ಷರ ಬರೆಯುವಷ್ಟರಲ್ಲಿ ಪುಟದ ಮೇಲೆ ಒಂದು ಕೈ ಬಂತು. ಭಾವನ ಬಲಗೈ. ಹಿಡಿತವಿಲ್ಲದ್ದು, ಅದನ್ನು ಎಡಗೈಯಿಂದ ಎತ್ತಿ ತಂದು ಗೆರೆಯ ಮೇಲೆ ಇಟ್ಟಿದ್ದರು.

“ಅದ್ರಲ್ಲಿ ಬೇಡ” ಎಂದರು. “ಅದ್ರಲ್ಲಿ ಬರೆದ್ರೆ ನೀವು ಅಳಿಸ್ತೀರಿ.”

ಏನಂತೆ ಎಂದು ಉಮ್ದಾ ಕೇಳಿದರು. ಹೇಳಿದೆ. ನಡುವೆ ನನ್ನದೇನನ್ನೂ ಸೇರಿಸಲಿಲ್ಲ.

ಅವರು ಜೇಬಿನಿಂದ ತಮ್ಮ ಪೆನ್ನು ತೆಗೆದರು. ನಾನು ಕೈ ಚಾಚಿದೆ. ನನಗೆ ಕೊಡಲಿಲ್ಲ, ಭಾವನಿಗೆ ಕೊಟ್ಟರು. ಭಾವ ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಆಮೇಲೆ ನನಗೆ ಕೊಟ್ಟರು.